ಕಣ್ಣು ಕಮ್ಮಿ ಕಾಣೋರ ಜೀವನದ ಗುಣಮಟ್ಟ ಅಳೆಯೋದು ಹೇಗೆ?

ಪ್ರಶ್ನೆ: ಅಜ್ಜಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ಪಕ್ಕದ ನೋಟ ಕಮ್ಮಿ ಆಗೋ ಕಾಯಿಲೆ). ಚಾರ್ಟ್‌ನಲ್ಲಿ ಅಕ್ಷರ ಚೆನ್ನಾಗೇ ಓದ್ತಾರೆ, ಆದ್ರೆ ಮನೆಯಿಂದ ಆಚೆ ಹೋಗೋಕೇ ಹೆದರ್ತಾರೆ. ಇದನ್ನ ಅಳೆಯೋ ಟೆಸ್ಟ್ ಏನಾದ್ರೂ ಇದ್ಯಾ?

ಉತ್ತರ 1: ಇದೆ. ಅಮೆರಿಕದ ವಿಎಫ್‌ಕ್ಯೂ-25 ಅಂತ, ಕಣ್ಣಿಂದಾಗಿ ದಿನನಿತ್ಯದ ಬದುಕಿಗೆ ಎಷ್ಟು ತೊಂದ್ರೆ ಅಂತ ಕೇಳೋ ಪ್ರಶ್ನಾವಳಿ, 25 ಪ್ರಶ್ನೆ, 0ಯಿಂದ 100 ಸ್ಕೋರು, ಜಾಸ್ತಿ ಬಂದಷ್ಟೂ ಒಳ್ಳೇದು.

ಉತ್ತರ 2: ಅದ್ರಲ್ಲಿ ಕಾರ್ ಓಡಿಸೋದು, ಪೇಪರ್ ಓದೋದೆಲ್ಲ ಕೇಳ್ತಾರೆ ಮಾರಾಯ್ರೆ, ನಮ್ಮ ಅಜ್ಜಿಗಳಿಗೆ ಎಲ್ಲಿ ಹೊಂದುತ್ತೆ! ಭಾರತದಲ್ಲೇ ಮಾಡಿದ ಇಂಡ್-ವಿಎಫ್‌ಕ್ಯೂ-33 ನೋಡಿ, ರಸ್ತೆ ಗುಂಡಿ, ಬಸ್ಸಿನ ಮೆಟ್ಟಿಲು, ನೋಟು ನಾಣ್ಯ ಗುರುತಿಸೋದು, ಬೇರೆಯವ್ರಿಗೆ ಹೊರೆ ಆಗಿದೀನಿ ಅನ್ಸುತ್ತಾ ಅನ್ನೋದೂ ಇದೆ.

ಉತ್ತರ 3: ಒಂದು ಮಾತು, ಮಗ ಸೊಸೆ ಪಕ್ಕದಲ್ಲಿದ್ರೆ ‘ಏನೂ ತೊಂದ್ರೆ ಇಲ್ಲಪ್ಪ’ ಅಂದ್ಬಿಡ್ತಾರೆ, ಒಬ್ರನ್ನೇ ಕೂರಿಸಿ ಕೇಳಿ.