ಹಾಯಿದೋಣಿಯ ವೇಗವನ್ನು ಗಾಳಿಯಿಂದ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ (ಬಾಗಲಕೋಟೆಯ ಮೆಕ್ಯಾನಿಕಲ್ ವಿದ್ಯಾರ್ಥಿ): ಸರ್, ನಮಸ್ಕಾರ. ಆಲಮಟ್ಟಿ ಹಿನ್ನೀರಿಗೆ ಹೊಂದುವಂಥ, ನೀರಿನ ಮಟ್ಟದಲ್ಲಿ 4 ಮೀಟರ್ ಉದ್ದವಿರುವ ಹಾಯಿದೋಣಿಯೊಂದರ ವೇಗವನ್ನು ಪ್ರಾಜೆಕ್ಟಿಗಾಗಿ ಅಂದಾಜು ಮಾಡುತ್ತಿದ್ದೇನೆ. ಗಾಳಿ ಇಮ್ಮಡಿಯಾದರೆ ದೋಣಿಯ ವೇಗವೂ ಇಮ್ಮಡಿಯಾಗುತ್ತದೆ ಎಂದು ಹಿಡಿಯಬಹುದೇ? ಹಿಂದಿನಿಂದ ಬೀಸುವ ಗಾಳಿಯೇ ಹೆಚ್ಚು ವೇಗ ಕೊಡುತ್ತದಲ್ಲವೇ?

ಉತ್ತರ (ಹಡಗು ವಿನ್ಯಾಸಕರು): ಎರಡನ್ನೂ ಹಾಗೆ ಹಿಡಿಯಲಾಗದು. ಮೊದಲು ಎರಡನೆಯದನ್ನು ನೋಡೋಣ. ದೋಣಿ ಚಲಿಸತೊಡಗಿದೊಡನೆ ಹಾಯಿಗೆ ತಾಗುವ ಗಾಳಿಯೇ ಬದಲಾಗುತ್ತದೆ. ಗಾಳಿ ಗಂಟೆಗೆ 18 ಕಿ.ಮೀ., ದೋಣಿ 8 ಕಿ.ಮೀ. ಎಂದಿಟ್ಟುಕೊಳ್ಳಿ. ಹಿಂಗಾಳಿಯಾದರೆ ಹಾಯಿಗೆ ಸಿಗುವುದು ಬರೀ 10 ಕಿ.ಮೀ.; ನೇರ ಅಡ್ಡಗಾಳಿಯಾದರೆ ಎರಡೂ ವೇಗಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ ಸುಮಾರು 19.7 ಕಿ.ಮೀ. ಸಿಗುತ್ತದೆ, ಅದೂ ಮುಂಬದಿಯಿಂದ 66 ಡಿಗ್ರಿ ಕೋನದಲ್ಲಿ ಬರುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಈ ಎರಡು ಸ್ಥಿತಿಗಳ ಒತ್ತಡದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಅಂತರವಿದೆ. ಜೊತೆಗೆ ಅಡ್ಡಗಾಳಿಯಲ್ಲಿ ಹಾಯಿ ವಿಮಾನದ ರೆಕ್ಕೆಯಂತೆ ಎತ್ತುವ ಬಲವನ್ನು (ಲಿಫ್ಟ್) ಹುಟ್ಟಿಸುತ್ತದೆ; ಹಾಯಿ ನೆಟ್ಟಗೆ ನಿಂತಿರುವುದರಿಂದ ಅದರ ಒಂದಂಶ ದೋಣಿಯನ್ನು ಮುಂದಕ್ಕೆಳೆಯುತ್ತದೆ.

ಇನ್ನು ಇಮ್ಮಡಿಯ ಮಾತು. ಬಲ ಹೆಚ್ಚಿದರೂ ನೀರು ಬಿಡುವುದಿಲ್ಲ. ದೋಣಿ ತಾನೇ ಎಬ್ಬಿಸುವ ಅಲೆಯ ಉದ್ದ ತನ್ನ ಉದ್ದಕ್ಕೆ ಸಮವಾಗುವ ಹೊತ್ತಿಗೆ ತಡೆ ಕಡಿದಾಗಿ ಏರುತ್ತದೆ. 4 ಮೀಟರ್ ದೋಣಿಗೆ ಈ ಹಂತ ಗಂಟೆಗೆ ಸುಮಾರು 9 ಕಿ.ಮೀ. ಹಗುರವಾದ, ಚಪ್ಪಟೆ ತಳದ ದೋಣಿ ನೀರಿನ ಮೇಲೆದ್ದು ಜಾರತೊಡಗಿದರೆ ಮಾತ್ರ ಇದನ್ನು ದಾಟುತ್ತದೆ.

ಆದ್ದರಿಂದ ಒಂದೇ ಸೂತ್ರ ಹುಡುಕಬೇಡಿ. ಒಂದು ವೇಗವನ್ನು ಊಹಿಸಿ, ಅದಕ್ಕೆ ತಕ್ಕ ಗಾಳಿ, ಹಾಯಿಯ ಬಲ, ನೀರಿನ ತಡೆ ಲೆಕ್ಕ ಹಾಕಿ; ಬಲ ಹೆಚ್ಚಿದ್ದರೆ ಊಹೆಯನ್ನು ಏರಿಸಿ, ಕಡಿಮೆಯಿದ್ದರೆ ಇಳಿಸಿ, ಎರಡೂ ಸರಿದೂಗುವವರೆಗೆ ಮುಂದುವರಿಸಿ. ದೋಣಿ ವಾಲುವುದನ್ನು ಸವಾರರ ತೂಕ ತಡೆಯಬಲ್ಲದೇ ಎಂಬುದನ್ನೂ ಪ್ರತಿ ಸಲ ಪರೀಕ್ಷಿಸಲೇಬೇಕು. ಇದನ್ನು ಮರೆತ ಲೆಕ್ಕ ಜೋರುಗಾಳಿಯಲ್ಲಿ ಸುಳ್ಳು ವೇಗ ತೋರಿಸುತ್ತದೆ. ಗಾಳಿಯ ಪ್ರತಿ ಕೋನಕ್ಕೂ ಹೀಗೆ ಮಾಡಿದರೆ ಪೋಲಾರ್ ನಕ್ಷೆ, ಅಂದರೆ ಯಾವ ಕೋನದಲ್ಲಿ ದೋಣಿಗೆ ಎಷ್ಟು ವೇಗ ಎಂದು ತೋರಿಸುವ ಚಿತ್ರ, ಸಿದ್ಧವಾಗುತ್ತದೆ. ಎದುರುಗಾಳಿಯ ಎರಡೂ ಪಕ್ಕ ಸುಮಾರು 40ರಿಂದ 45 ಡಿಗ್ರಿಯೊಳಗೆ ಅದು ಖಾಲಿಯಿರುತ್ತದೆ.

ಪ್ರಶ್ನೆ: ಹವಾಮಾನ ಕೇಂದ್ರದ ಗಾಳಿಯ ಅಂಕಿಯನ್ನೇ ಹಾಕಬಹುದೇ ಸರ್?

ಉತ್ತರ: ಹಾಗೇ ಹಾಕಬೇಡಿ. ಅದು ಸಾಮಾನ್ಯವಾಗಿ 10 ಮೀಟರ್ ಎತ್ತರದ ಅಳತೆ. ನಿಮ್ಮ ಹಾಯಿಯ ನಡುಭಾಗ 3 ಮೀಟರ್ ಎತ್ತರದಲ್ಲಿದ್ದರೆ ಶೇ. 10ರಿಂದ 15ರಷ್ಟು ಕಡಿಮೆ ಹಿಡಿಯಿರಿ. ಆಲಮಟ್ಟಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದಲ್ಲಿರುವುದರಿಂದ, 30 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆಯನ್ನೂ ಪುಸ್ತಕದ 1.225ರ ಬದಲು ಘನ ಮೀಟರಿಗೆ 1.1 ಕೆ.ಜಿ. ಎಂದು ತೆಗೆದುಕೊಳ್ಳಿ.