ಅಪ್‌ಡೇಟ್: ಥೈರಾಯ್ಡ್ ಜಾಸ್ತಿ, ಕೊನೆಗೆ ಮಾತ್ರೆಯೇ ಗತಿ
ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ಸುರಿಸುವ ಗ್ರೇವ್ಸ್ ಕಾಯಿಲೆಗೆ ಮಾತ್ರೆ, ರೇಡಿಯೋ ಅಯೋಡಿನ್ (ಗ್ರಂಥಿಯನ್ನು ವಿಕಿರಣದಿಂದ ಕುಗ್ಗಿಸುವ ಔಷಧ), ಆಪರೇಷನ್ ಮೂರರಲ್ಲಿ ಯಾವುದು ಅಂತ ಕೇಳಿದ್ದೆನಲ್ಲ, ಮೂರು ತಿಂಗಳಾಯಿತು. ಆ ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ನುಂಗುತ್ತಿದ್ದೇನೆ. ನನಗೆ ಕಣ್ಣು ಉಬ್ಬಿದೆ, ರೇಡಿಯೋ ಅಯೋಡಿನ್‌ನಿಂದ ಅದು ಇನ್ನೂ ಕೆಡಬಹುದು ಎಂದು ಡಾಕ್ಟರ್ ಬೇಡ ಅಂದರು. ನಡುಕಕ್ಕೆ ಪ್ರೊಪ್ರನಲಾಲ್ ಕೊಟ್ಟಿದ್ದರು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು, ಈಗ ಸೂಜಿಗೆ ದಾರ ಪೋಣಿಸುತ್ತೇನೆ!

ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಟಿ4 ಸರಿಹೋಗಿದೆ. ಥೈರಾಯ್ಡ್ ಅನ್ನು ಚುರುಕುಗೊಳಿಸುವ ಹಾರ್ಮೋನ್ ಟಿಎಸ್‌ಎಚ್ ಮಾತ್ರ ತಳದಲ್ಲೇ ಇದೆ. ಅದು ಮೇಲೇಳಲು ತಿಂಗಳುಗಟ್ಟಲೆ ಬೇಕಂತೆ, ನಾನು ಸುಮ್ನೆ ಗಾಬರಿಯಾಗಿದ್ದೆ.

ನಡುವೆ ಒಮ್ಮೆ ಗಂಟಲು ನೋವು, ಜ್ವರ. ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ, ಇವು ಅದರ ಸುಳಿವಿರಬಹುದು. ಡಾಕ್ಟರ್ ಮೊದಲೇ ಹೇಳಿದ್ದಂತೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಿದೆ. ಪುಣ್ಯಕ್ಕೆ ಬರೀ ನೆಗಡಿ.

ಒಟ್ಟು 12ರಿಂದ 18 ತಿಂಗಳ ಕೋರ್ಸ್. ಮರುಕಳಿಸಿದರೆ ಆಗ ಆಪರೇಷನ್ ಮಾತು.