ಸಮಸ್ಯಾಪೂರಣ: ಸಾಲದಿಂದ ಸಾಲ ಗುಣಿಸಿದರೆ ಧನ!

ಸಂಚಾಲಕ:
ಈ ಸಲ ಕಂದಪದ್ಯ. ಕೊನೆಯ ಸಾಲು ನಾನು ಕೊಡ್ತೀನಿ, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಕಟ್ಟಬೇಕು. ಕೊನೆಯ ಸಾಲು ಇದು:

*ಋಣದಿಂ ಗುಣಿಸಲ್ ಋಣಂ ಧನಂ ತಾನಕ್ಕುಂ*

ಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) ಣಕಾರ, ಅದರ ಹಿಂದೆ ಹ್ರಸ್ವ. ಬಿಡಿಸಿದರೆ: ಋಣದಿಂ | ಗುಣಿಸಲ್ | ಋಣಂ ಧ | ನಂ ತಾ | ನಕ್ಕುಂ. ನಡುವಿನದು ಜಗಣ (ಲಘು-ಗುರು-ಲಘು). ನಿಮ್ಮ ಎರಡನೇ ಸಾಲಿನಲ್ಲೂ ಆ ಜಾಗದಲ್ಲಿ ಜಗಣ ಅಥವಾ ನಾಲ್ಕು ಲಘು ಇರಲೇಬೇಕು, ಮರೀಬೇಡಿ.

ಪೂರಣ 1:
*ಹಣವಿತ್ತ ಸಾಹುಕಾರನ*
*ಕಣಜಂ ತುಂಬಿತು ಜನಕ್ಕೆ ಸಾಲಂ ಬೆಳೆಯಲ್ |*
*ತಣಿಯದ ಬಡ್ಡಿಯ ಲೆಕ್ಕದಿ*
*ಋಣದಿಂ ಗುಣಿಸಲ್ ಋಣಂ ಧನಂ ತಾನಕ್ಕುಂ ||*

ಸಂಚಾಲಕ:
ಭಲೇ! ಸಾಲ ಒಬ್ಬರದು, ಧನ ಇನ್ನೊಬ್ಬರದು. ‘ತಣಿಯದ ಬಡ್ಡಿ’ ತುಂಬಾ ಹಿಡಿಸಿತು. ಗಣಿತದ ದಾರಿಯಲ್ಲಿ ಯಾರಾದರೂ ಹೋಗ್ತೀರಾ?

ಪೂರಣ 2:
*ಗುಣಿಸುವ ಋಣಗಳ ಲೆಕ್ಕವ*
*ನೆಣಿಸಲ್ ಬೆಸಮಿರೆ ಋಣಾಂಕಮುಳಿವುದು ಕಡೆಯೊಳ್ |*
*ಎಣೆಯೆಣೆಯಾಗುತೆ ಸರಿಯಿರೆ*
*ಋಣದಿಂ ಗುಣಿಸಲ್ ಋಣಂ ಧನಂ ತಾನಕ್ಕುಂ ||*

ಎಷ್ಟೇ ಸಂಖ್ಯೆಗಳನ್ನು ಗುಣಿಸಿ, ಅವುಗಳಲ್ಲಿ ಋಣಸಂಖ್ಯೆ ಎಷ್ಟಿವೆ ಅಂತ ಎಣಿಸಿದರೆ ಸಾಕು. ಎರಡೆರಡು ಜೋಡಿಯಾಗಿ ಧನವಾಗುತ್ತವೆ. ಬೆಸ ಇದ್ದರೆ ಒಂದು ಒಂಟಿ ಉಳಿಯುತ್ತೆ, ಉತ್ತರವೂ ಋಣವೇ. (−2)(−3)(−5) = −30. ಇನ್ನೊಂದು −1 ಸೇರಿಸಿ, +30.

ಓದುಗರೊಬ್ಬರು:
ಪದ್ಯ ಸೊಗಸಾಗಿದೆ ಸರ್. ಆದರೆ ಜೋಡಿಯಾದರೆ ಧನ ಯಾಕೆ? ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿಸಿದ್ದರು.

ಪೂರಣ 3:
ಅದಕ್ಕೂ ಪದ್ಯದಲ್ಲೇ ಉತ್ತರ ಕೊಡ್ತೀನಿ.

*ಪಣಮೈದರ ಸಾಲಂಗಳ*
*ಗಣದೊಳ್ ಮೂರಂ ಧನೇಶನಳಿಸಲ್ಕಾಗಳ್ |*
*ಎಣಿಸಯ್ ಪದಿನೈದುಳಿಗುಂ*
*ಋಣದಿಂ ಗುಣಿಸಲ್ ಋಣಂ ಧನಂ ತಾನಕ್ಕುಂ ||*

ಐದೈದು ಪಣದ ಮೂರು ಸಾಲ ಅಳಿಸಿ ಹೋದರೆ ಕೈಗೆ 15 ಉಳಿದ ಹಾಗೆ: (−3) × (−5) = 15. ಬರೀ ಲೆಕ್ಕದಲ್ಲೇ ಬೇಕೆಂದರೆ, 5 + (−5) = 0. ಇದನ್ನು −3ರಿಂದ ಗುಣಿಸಿದರೂ 0 ಬರಬೇಕು. ಮೊದಲ ಭಾಗ −15 ಆಗುತ್ತೆ. ಎರಡನೆಯದು +15 ಆಗದೆ ಬೇರೆ ದಾರಿಯೇ ಇಲ್ಲ.

ಸಂಚಾಲಕ:
ಈ ಪೂರಣಕ್ಕೆ ನನ್ನ ಪೂರ್ತಿ ಓಟು. ಸಾಲ ‘ಅಳಿಸುವುದು’ ಪದ್ಯದೊಳಗೇ ಬಂದಿರೋದರಿಂದ ಕಾರಣವೂ ಅಲ್ಲೇ ಸಿಕ್ಕಿತು. ಗಣಿತಜ್ಞ ಬ್ರಹ್ಮಗುಪ್ತ ಈ ನಿಯಮವನ್ನು 628ರಲ್ಲೇ ಧನ, ಋಣ ಎಂಬ ಮಾತುಗಳಲ್ಲೇ ಹೇಳಿದ್ದ, ಅದೂ ಶ್ಲೋಕದಲ್ಲಿ. 9ನೇ ಶತಮಾನದಲ್ಲಿ, ನಮ್ಮ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಅದನ್ನೇ ಹೇಳಿ, ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದೂ ಸೇರಿಸಿದ. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಋಣ ಬರೋದಿಲ್ಲವಲ್ಲ! ಲೆಕ್ಕವನ್ನು ಪದ್ಯದಲ್ಲಿ ಹೇಳುವುದು ನಮಗೆ ಹೊಸದೇನಲ್ಲ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಹೇಳಿದ.

ಮುಂದಿನ ಸಮಸ್ಯೆ, ಪ್ರಾಸ ಸಕಾರ:

*ಬೆಸದೊಳ್ ಬೆಸಮಂ ಸಮಂತು ಕೂಡಲ್ ಬೆಸಮಯ್*

ಓದುಗರೊಬ್ಬರು:
ಬೆಸಕ್ಕೆ ಬೆಸ ಕೂಡಿದರೆ ಸರಿಸಂಖ್ಯೆ ತಾನೇ ಬರೋದು? ಒಂದು ಬೆಸ ಋಣವಾದರೆ ತಪ್ಪಿಸಿಕೊಳ್ಳಬಹುದಾ?

ಸಂಚಾಲಕ:
ಆಗಲ್ಲ. −3 ಕೂಡ ಬೆಸವೇ: 2 × (−2) + 1. −3ಕ್ಕೆ 5 ಕೂಡಿದರೆ 2, −3ಕ್ಕೆ 3 ಕೂಡಿದರೆ 0. ಸೊನ್ನೆಯೂ ಸರಿಸಂಖ್ಯೆಯೇ. ಚಿಹ್ನೆ ಬದಲಾದರೂ ಸರಿ-ಬೆಸ ಬದಲಾಗೋದಿಲ್ಲ. ಮೂರನೇ ಬೆಸವೊಂದು ಎಲ್ಲಾದರೂ ಬರಲೇಬೇಕು. ಅದನ್ನು ಮೊದಲ ಮೂರು ಸಾಲಿನಲ್ಲಿ ಎಲ್ಲಿ ಇಡ್ತೀರೋ, ನಿಮಗೆ ಬಿಟ್ಟದ್ದು.